ರಾಚವ್ವ ಮತ್ತು ಏಳನೆಯ ನಂಬರಿನ ಕೂಸು

ಮುಂಬಯಿ ಜೋಗೇಶ್ವರಿಯ ನಮ್ಮ ಚಾಳಿಗೆ ಹಾಲು ಹಾಕುತ್ತಿದ್ದ ಭಯ್ಯಾ ಇಪ್ಪತ್ತೆರಡು ಖೋಲಿಗಳಲ್ಲಿ ಇಪ್ಪತ್ತೊಂದಕ್ಕೆ ಹೆದರುತ್ತಿರಲಿಲ್ಲ. ಹನ್ನೊಂದನೆಯ ಖೋಲಿಯ ಬಾಗಿಲಿಗೆ ಬಂದಾಗ ಮಾತ್ರ ಅವನ ಮುಖ ಸಣ್ಣದಾಗುತ್ತಿತ್ತು. ಅಲ್ಲಿ ರಾಚವ್ವ ಕುಳಿತಿರುತ್ತಿದ್ದಳು. ಅಳತೆಯ ಹಾಲಿನಲ್ಲಿ ಬೆರಳದ್ದಿ, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟು, ಅದು ನಿಂತೀತೋ ಜಾರೀತೋ ಎಂದು ಕಣ್ಣು ಕಿರಿದು ಮಾಡಿ ನೋಡುವಳು. ಅಷ್ಟು ಹೊತ್ತೂ ಅವನು ಉಸಿರು ಬಿಗಿಹಿಡಿದು ನಿಲ್ಲಬೇಕು. ಹನಿ ನಿಂತರೂ ಆಕೆಗೆ ಸಮಾಧಾನವಿಲ್ಲ. “ಇವತ್ತ ಚಲೋ ಹಾಲ ತಂದಾನ, ಏನೋ ಐತಿ ಇದರಾಗ” ಎನ್ನುವಳು.

ಆಕೆಯ ಖೋಲಿಗೂ ನಮ್ಮ ಖೋಲಿಗೂ ನಡುವೆ ಹಲಗೆಯ ಗೋಡೆ. ಹಾಗಾಗಿ ನಾನು ಇಲ್ಲಿ ಹೇಳುವುದರಲ್ಲಿ ಕೆಲವು ಕಿವಿಯಾರೆ ಕೇಳಿದ್ದು, ಉಳಿದದ್ದು ಆಕೆಯೇ ಹೇಳಿದ್ದು.

ರಾಚವ್ವನ ಊರು ಇಂಡಿ ತಾಲೂಕಿನಲ್ಲಿ. ಆಗ ವಿಜಾಪುರ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತಾದರೂ, ಊರಿನ ಜನ ಮುಂಬಯಿಯನ್ನು ಬೇರೆ ದೇಶವೆಂದೇ ತಿಳಿದಿದ್ದರು. ಅಲ್ಲಿ ಆಕೆ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಸುತ್ತಿನ ಏಳೆಂಟು ಹಳ್ಳಿಯ ಕೂಸುಗಳು ಆಕೆಯ ಕೈಯಲ್ಲೇ ನೆಲ ಕಂಡಿದ್ದವು. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಒಳಗಿನ ಕೂಸು ಯಾವ ಮಗ್ಗುಲಾಗಿ ಮಲಗಿದೆ ಎಂದು ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ನೀಲಕಂಠಪ್ಪ ಆಕೆಯನ್ನು ಕರೆತಂದ. ಅವನು ದಾದರಿನ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತ. ಸೊಸೆ ಅಂಬವ್ವ ಧಾರವಾಡದ ಕಡೆಯವಳು, ಮಾತು ಕಡಿಮೆ.

೧೯೫೪ರ ಪುಷ್ಯ ಮಾಸ. ಅಂಬವ್ವನಿಗೆ ಏಳು ತುಂಬಿ ಎಂಟರಲ್ಲಿ ನಡೆಯುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂದು ಟ್ರಂಕು ತುಂಬಿಟ್ಟಿದ್ದರು, ರೈಲಿನ ಚೀಟಿಯೂ ಬಂದಿತ್ತು. ಹೊರಡಲು ಮೂರು ದಿನವಿರುವಾಗ ನೀರಿನ ಕೊಡ ಇಳಿಸಿದವಳು ಹಾಗೆಯೇ ಗೋಡೆ ಹಿಡಿದು ಕುಸಿದಳು. ರಾಚವ್ವ ಸೀರೆ ಎತ್ತಿಕಟ್ಟಿ ಬಾಗಿಲು ಹಾಕಿಕೊಂಡಳು. ಮನೆಯಲ್ಲೇ ಹೆರಿಗೆ ಮಾಡಿಸುವುದೆಂದು ಆಕೆಯ ಲೆಕ್ಕ. ಆದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಬಾಗಿಲು ತೆಗೆದು ಹೊರಗೆ ಬಂದಳು. ಕೈ ತೊಳೆದುಕೊಂಡಿರಲಿಲ್ಲ.

“ಟ್ಯಾಕ್ಸಿ ತರಸ್ರೋ ಯಪ್ಪಾ,” ಎಂದಳು. “ನೆತ್ತರ ನಿಂದ್ರವಲ್ತು.”

ಆಕೆ ಬೇರೆಯವರ ಕೈಗೆ ಹೆರಿಗೆಯನ್ನು ಒಪ್ಪಿಸಿದ್ದು ಜನ್ಮದಲ್ಲಿ ಅದೊಂದೇ ಸಲ.

ದಾದರಿನ ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ಸಂಜೆಗೆ ಹೆಣ್ಣು ಕೂಸಾಯಿತು. ತೂಕ ಮೂರೂಕಾಲು ಪೌಂಡು. ನರ್ಸು ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ಪಡಸಾಲೆಯುದ್ದಕ್ಕೂ ಓಡುವಾಗ ರಾಚವ್ವ ಅಡ್ಡ ನಿಂತಳು. ನರ್ಸು ಒಂದು ಗಳಿಗೆ ನಿಂತಿದ್ದಳೋ ಇಲ್ಲವೋ, ಅಷ್ಟರಲ್ಲಿ ಸೂಲಗಿತ್ತಿಯ ಕಣ್ಣು ತನ್ನ ಕೆಲಸ ಮುಗಿಸಿತ್ತು. ಬೆರಳು ಹತ್ತೂ ಇವೆ. ಹೆಗಲ ಮೇಲೆ ಕರಿಯ ನವಿರು ಕೂದಲು. ತಲೆಯ ಸುಳಿ ಒಂದೇ, ಎಡಕ್ಕೆ.

ಆ ನರ್ಸಿನ ಹೆಸರು ಸೆವ್ರಿನ್. ಮಂಗಳೂರ ಕಡೆಯ ಕ್ರೈಸ್ತಳು. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕೋಣೆಯ ಜವಾಬ್ದಾರಿ ಅವಳದು. ಆ ಕೋಣೆಯಲ್ಲಿ ಸದಾ ಸೆಕೆ, ಕೂಸಿನ ಎರಡೂ ಬದಿಗೆ ಬಿಸಿನೀರಿನ ಬಾಟಲಿ, ಕುಡಿಸುವುದು ಸಣ್ಣ ನಳಿಗೆಯಲ್ಲಿ. ಒಳಗೆ ಯಾರಿಗೂ ಪ್ರವೇಶವಿಲ್ಲ. ಸಂಜೆ ನಾಲ್ಕರಿಂದ ಐದರವರೆಗೆ ಗಾಜಿನ ಕಿಟಕಿಯ ಹೊರಗೆ ನಿಂತು ನೋಡಬಹುದು, ಅಷ್ಟೇ.

ಮೂರನೆಯ ದಿನ ರಾಚವ್ವ ಸೊಂಟದಿಂದ ಒಂದು ಪುಟ್ಟ ಚೀಲ ತೆಗೆದಳು. ಹಸಿರು ಖಣದ ಚೂರಿನಲ್ಲಿ ತಾನೇ ಹೊಲಿದದ್ದು. ಅದರೊಳಗೆ ಲಿಂಗವಿತ್ತು. ಲಿಂಗಾಯತರ ಮನೆಯಲ್ಲಿ ಕೂಸು ಹುಟ್ಟಿದೊಡನೆ ಅಯ್ಯನವರು ಬಂದು ಲಿಂಗ ಕಟ್ಟಬೇಕು. ಅಯ್ಯನವರಾದ ಚನ್ನಬಸಯ್ಯನವರನ್ನು ಗೇಟಿನವನು ಒಳಗೆ ಬಿಟ್ಟಿರಲಿಲ್ಲ. ಅವರು ಅಲ್ಲೇ ನಿಂತು ಮಂತ್ರ ಹೇಳಿ, ಚೀಲವನ್ನು ಮುದುಕಿಯ ಕೈಗೆ ಕೊಟ್ಟು ಹೋಗಿದ್ದರು.

“ಇದನ್ನ ಕೂಸಿನ ತೋಳಿಗೆ ಕಟ್ಟಬೇಕ್ರಿ ನರ್ಸಬಾಯಿ.”

“ಎಂತ ಅಜ್ಜಿ, ಆ ಮಗುವಿನ ಚರ್ಮ ಈರುಳ್ಳಿ ಸಿಪ್ಪೆ ಹಾಗೆ ಉಂಟು. ನೂಲು ಕೂಡ ಕಟ್ಟಲಿಕ್ಕಿಲ್ಲ.”

“ಲಿಂಗ ಇಲ್ಲದ ಕೂಸು ಹ್ಯಾಂಗ ಇರಬೇಕು? ನಿಮ್ಮ ಕೊಳ್ಳಾಗ ಶಿಲುಬಿ ಐತಿಲ್ಲೋ?”

ಸೆವ್ರಿನ್ ತನ್ನ ಕೊರಳು ಮುಟ್ಟಿಕೊಂಡಳು. ಕೊನೆಗೆ ಚೀಲವನ್ನು ತೆಗೆದುಕೊಂಡು, ಒಳಗೆ ಹೋಗಿ, ತೊಟ್ಟಿಲಿನ ತಲೆಕಡೆಯ ಸರಳಿಗೆ ಕಟ್ಟಿದಳು. ಕಿಟಕಿಯಿಂದ ಹಸಿರು ಚೆನ್ನಾಗಿ ಕಾಣುತ್ತಿತ್ತು. ಒಳಗೆ ಒಂಬತ್ತು ತೊಟ್ಟಿಲು, ಒಂದೇ ಬಣ್ಣ, ಒಂದೇ ಅಳತೆ. ಕೂಸುಗಳ ತಲೆಗೂ ಒಂದೇ ಥರದ ಹತ್ತಿಯ ಕುಲಾವಿ. ಹಸಿರು ಚೀಲ ಎಲ್ಲಿದೆಯೋ ಅಲ್ಲಿ ತನ್ನ ಮೊಮ್ಮಗಳು ಎಂದು ರಾಚವ್ವ ಗುರುತು ಮಾಡಿಕೊಂಡಳು.

ಹನ್ನೊಂದನೆಯ ದಿನ ಅಂಬವ್ವನನ್ನು ಮನೆಗೆ ಕಳಿಸಿದರು. ಕೂಸು ಐದು ಪೌಂಡು ಆಗುವವರೆಗೆ ಅಲ್ಲೇ ಇರಬೇಕು, ತಾಯಿಯ ಹಾಲು ಮಾತ್ರ ದಿನಾ ತಪ್ಪದೆ ಬರಬೇಕು, ಅದೇ ಅದಕ್ಕೆ ಔಷಧ ಎಂದು ಡಾಕ್ಟರರು ಒತ್ತಿ ಹೇಳಿದ್ದರು. ಬಾಣಂತಿ ಗಾಳಿಗೆ ಹೊರಡುವಂತಿಲ್ಲ. ರಾಚವ್ವ ಸೊಸೆಯ ಕಿವಿಗೆ ಅರಿವೆ ಕಟ್ಟಿ, ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟು, ಕಿಟಕಿಗೆ ಗೋಣಿ ಇಳಿಬಿಟ್ಟಳು. ಆ ಕತ್ತಲಲ್ಲಿ ಕುಳಿತು ಅಂಬವ್ವ ಆಸ್ಪತ್ರೆಯವರು ಕೊಟ್ಟ ಬಾಟಲಿಗೆ ಹಾಲು ಹಿಂಡುವಳು. ಬೆಳಗಿನ ಬಾಟಲಿ ನೀಲಕಂಠಪ್ಪನ ಕೈಯಲ್ಲಿ ಹೋಗುತ್ತಿತ್ತು. ಮಧ್ಯಾಹ್ನದ ಬಾಟಲಿಗೆ ಒದ್ದೆ ಅರಿವೆ ಸುತ್ತಿ, ಸೆರಗಿನೊಳಗೆ ಹಿಡಿದು, ರಾಚವ್ವ ಲೋಕಲ್ ಹತ್ತುವಳು. ಹೆಂಗಸರ ಡಬ್ಬಿಯಲ್ಲಿ ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. ಕುಳಿತರೆ ಯಾರಾದರೂ ಮೈಮೇಲೆ ಬಿದ್ದಾರು ಎಂದು ಮೂಲೆಗೆ ಬೆನ್ನು ಕೊಟ್ಟು ನಿಲ್ಲುವಳು.

ಸಂಜೆ ಬಂದ ಕೂಡಲೇ ಅಂಬವ್ವನ ಪ್ರಶ್ನೆ ಒಂದೇ.

“ಹ್ಯಾಂಗದಾಳ್ರಿ ಅತ್ತಿ?”

“ಅದಾಳ. ಮಕ್ಕೊಂಡಾಳ.”

“ಕಣ್ಣ ತೆರದಿದ್ಲನ್ರಿ?”

“ತೆರದು ನಿನ್ನ ಕೇಳಿದ್ಳು. ಸುಮ್ಮ ಅಳವಿ ಪಾಯಸ ಕುಡಿ, ಹಾಲ ಹೆಚ್ಚತೈತಿ.”

ಹದಿನಾರನೆಯ ದಿನ ಕಿಟಕಿಯ ಹೊರಗೆ ನಿಂತಿದ್ದಾಗ ಆಯಾ ಒಬ್ಬಳು ಹಸಿರು ಚೀಲದ ತೊಟ್ಟಿಲಿನ ಕೂಸನ್ನು ಮಗ್ಗುಲು ಬದಲಿಸಿದಳು. ಕುಲಾವಿ ಜಾರಿತು. ರಾಚವ್ವ ಗಾಜಿಗೆ ಮೂಗು ಒತ್ತಿ ನೋಡಿದಳು. ತಲೆಯಲ್ಲಿ ಸುಳಿ ಎರಡಿದ್ದವು. ನೆತ್ತಿಯ ಅಕ್ಕಪಕ್ಕ, ಎರಡು ಕಾಳು ಒತ್ತಿದ ಹಾಗೆ. ಹೆಗಲಿನ ಮೇಲೆ ನವಿರು ಕೂದಲೂ ಇಲ್ಲ.

ಕೂಸಿನ ಬಣ್ಣ ತಿರುಗುತ್ತದೆ, ಮುಖ ತಿರುಗುತ್ತದೆ, ಮೈಯ ನವಿರು ಉದುರುತ್ತದೆ. ಅದು ಆಕೆಗೆ ಗೊತ್ತಿತ್ತು. ಸುಳಿ ಮಾತ್ರ ಸುಡುಗಾಡಿನವರೆಗೆ ಇದ್ದಲ್ಲೇ ಇರುತ್ತದೆ. ಒಂದಿದ್ದದ್ದು ಎರಡಾಗುವುದನ್ನು ಮೂವತ್ತು ವರ್ಷದಲ್ಲಿ ಆಕೆ ಕಂಡಿರಲಿಲ್ಲ.

ಸೆವ್ರಿನ್ ಹೊರಬಂದಾಗ ಕೇಳಿದಳು. “ನರ್ಸಬಾಯಿ, ನಮ್ಮ ಕೂಸು ಹ್ಯಾಂಗೈತ್ರಿ?”

“ಏಳನೇ ನಂಬರ್ ಅಲ್ವಾ? ಒಳ್ಳೇದುಂಟು ಅಜ್ಜಿ. ಎರಡು ಔನ್ಸ್ ಏರಿದೆ.”

“ಅಕಿನs ಅಲ್ರಿ? ಮೊದಲಿನ ಅಕಿನs?”

“ಮತ್ತೆ ಬೇರೆ ಯಾರು? ನಾವೇನು ಸಂತೆಯಲ್ಲಿ ಬದಲು ಮಾಡ್ತೇವಾ?” ಎಂದು ನಕ್ಕು ಅವಳು ಹೊರಟೇಹೋದಳು.

ರಾಚವ್ವನಿಗೆ ಆ ನಗು ಸರಿ ಕಾಣಲಿಲ್ಲ. ಕೇಳದಿದ್ದರೂ ಬದಲು ಮಾಡುವ ಮಾತನ್ನು ಇವಳೇ ಯಾಕೆ ತೆಗೆದಳು? ರೈಲಿನುದ್ದಕ್ಕೂ ಅದೇ ಯೋಚನೆ. ಬಡಕಲು ಹೆಣ್ಣು ಕೂಸನ್ನು ಕದಿಯುವವರು ಯಾರೂ ಇಲ್ಲ. ಹಾಗಾದರೆ ಉಳಿದದ್ದು ಒಂದೇ. ತಮ್ಮ ಕೂಸು ಯಾವಾಗಲೋ ತೀರಿಹೋಗಿದೆ. ಅದನ್ನು ಮುಚ್ಚಿಟ್ಟು, ಯಾವುದೋ ಕೂಸನ್ನು ಆ ತೊಟ್ಟಿಲಿಗೆ ಹಾಕಿ, ಹಾಲು ತರಿಸಿಕೊಳ್ಳುತ್ತಿದ್ದಾರೆ. ಎಂಟರಲ್ಲಿ ಹುಟ್ಟಿದ ಕೂಸು ಉಳಿಯುವುದಿಲ್ಲವೆಂದು ಆಕೆಯೇ ಎಷ್ಟು ಮನೆಗಳಲ್ಲಿ ಹೇಳಿರಲಿಲ್ಲ! ಆಕೆಯ ಕೈಯಲ್ಲಿ ಹಾಗೆ ಹುಟ್ಟಿದ ಆರು ಕೂಸುಗಳಲ್ಲಿ ಆರೂ ವಾರದೊಳಗೆ ಹೋಗಿದ್ದವು.

ಅಂದು ಸಂಜೆ ಅಂಬವ್ವ ಕೇಳಿದಾಗ ಆಕೆ “ಅದಾಳ” ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು. ಸೊಸೆಗೆ ಸುಳಿವು ಸಿಕ್ಕರೆ ಎದೆಯ ಹಾಲು ಬತ್ತುತ್ತದೆ. ಕೂಸು ಬದುಕಿದ್ದರೆ ಅದೂ ಉಪವಾಸ ಬೀಳುತ್ತದೆ. ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು. ಮಗನನ್ನು ನಳದ ಹತ್ತಿರ ಕರೆದು ಪಿಸುಗುಟ್ಟಿದಳು.

ನೀಲಕಂಠಪ್ಪ ತಲೆ ಚಚ್ಚಿಕೊಂಡ. “ಯವ್ವಾ, ನಿನಗ ಹಾಲಿನಂವ ಕಳ್ಳ, ಟಿಕೀಟಿನಂವ ಕಳ್ಳ, ಈಗ ದವಾಖಾನಿನೂ ಕಳ್ಳರ ಸಂತಿ ಆತೇನು?”

“ಸುಳಿ ಎರಡ ಅದಾವ ತಮ್ಮಾ.”

“ಕಾಜಿನ ಹೊರಗ ನಿಂತು ಸುಳಿ ಎಣಸ್ತಿ! ನಿನಗ ಸೂಜಿಗೆ ದಾರ ಪೋಣಸಾಕ ನಾ ಬೇಕು.”

“ಹತ್ರದ್ದು ಕಾಣೂದಿಲ್ಲ, ದೂರದ್ದು ಕಾಣ್ತೈತಿ. ನಿನ್ನ ಸುಳಿ ಬಲಕ್ಕೈತಿ, ಹುಟ್ಟಿದ ದಿನ ನೋಡೀನಿ. ಬೇಕಾದ್ರ ಕನ್ನಡಿ ಹಿಡಿ.”

ಅವನು ಬೆಳಗಿನ ಬಾಟಲಿ ಕೊಡುವಾಗ ಬಾಗಿಲಲ್ಲಿ ವಿಚಾರಿಸಿದ. ಏಳನೆಯ ನಂಬರು ಚೆನ್ನಾಗಿದೆ ಎಂದರು. ಅವನಿಗೆ ಅಷ್ಟು ಸಾಕಾಯಿತು. ಗುಮಾಸ್ತನಿಗೆ ಬರೆದಿಟ್ಟ ನಂಬರಿನ ಮೇಲೆ ಇರುವ ನಂಬಿಕೆ ಬೇರೆ. ರಾಚವ್ವನಿಗೆ ಅಕ್ಷರವೂ ಬಾರದು, ಅಂಕಿಯೂ ಬಾರದು.

ಮರುದಿನ ಆಕೆ ಹಾಲು ಕೊಟ್ಟು ಹೋದಂತೆ ಮಾಡಿ, ಪಡಸಾಲೆಯ ತಿರುವಿನಲ್ಲಿ ನಿಂತು, ಸಣ್ಣ ಕಿಟಕಿಯಿಂದ ನೋಡಿದಳು. ಸೆವ್ರಿನ್ ಬಾಟಲಿಯ ಹಾಲನ್ನು ಎರಡು ಗಾಜಿನ ಲೋಟಗಳಿಗೆ ಹಂಚಿದಳು. ಒಂದು ಲೋಟದ ಹಾಲು ಬಾಗಿಲ ಬಳಿಯ ಯಾವುದೋ ತೊಟ್ಟಿಲಿಗೆ ಹೋಯಿತು. ಇನ್ನೊಂದು ಹಸಿರು ಚೀಲದ ತೊಟ್ಟಿಲಿಗೆ. ಬಾಗಿಲ ಬಳಿಯದಕ್ಕೇ ಮೊದಲು, ಅದಕ್ಕೇ ಹೆಚ್ಚು.

ಅಂದರೆ ಒಂದಲ್ಲ, ಎರಡು ಬೇರೆಯವರ ಕೂಸುಗಳು ಅಂಬವ್ವನ ಹಾಲು ಕುಡಿಯುತ್ತಿವೆ. ಕೆಂಡದ ಮೇಲೆ ಕುಳಿತು, ಬೆವರು ಸುರಿಸಿ, ಎದೆ ನೋಯಿಸಿಕೊಂಡು ಹಿಂಡಿದ ಹಾಲು! ಆದರೂ ರಾಚವ್ವ ಅಂದು ಕೂಗಾಡಲಿಲ್ಲ. ಕಳ್ಳನಿಗೆ ಸುಳಿವು ಕೊಟ್ಟರೆ ಮಾಲು ಸಿಕ್ಕುವುದಿಲ್ಲವೆಂದು ಆಕೆಯ ಎಣಿಕೆ. ಮನೆಗೆ ಬಂದು ಜೋಳದ ರೊಟ್ಟಿ ಬಡಿದಳು. ಆ ಬಡಿತಕ್ಕೆ ನಮ್ಮ ಕಡೆಯ ಹಲಗೆ ಗೋಡೆಯ ಮೇಲಿದ್ದ ಡಬ್ಬಗಳು ಅಲುಗಾಡಿದವು.

ಮಾರನೆಯ ಮಧ್ಯಾಹ್ನ ಆಕೆ ಬಾಟಲಿಯೊಂದಿಗೆ ಬಾಗಿಲಿಗೆ ಹೋದಳು, ಆದರೆ ಕೈ ಹೊರಗೆ ಚಾಚಲಿಲ್ಲ.

“ಕೊಡಿ ಅಜ್ಜಿ, ಮೂರು ಗಂಟೆಯ ಹಾಲಿಗೆ ಹೊತ್ತಾಯ್ತು,” ಎಂದಳು ಸೆವ್ರಿನ್.

“ಕೊಡೂದಿಲ್ಲ.”

“ಎಂತ?”

“ಮೊದಲ ನನ್ನ ಕೂಸು ತೋರಸು. ಆಮ್ಯಾಲ ಹಾಲು.”

“ಕಿಟಕಿಯಲ್ಲಿ ನೋಡ್ತೀರಲ್ಲ ದಿನಾ?”

“ಅಲ್ಲಿ ಇರೂದು ನಮ್ಮ ಕೂಸಲ್ಲ. ನಮ್ಮ ಕೂಸು ಸತ್ತಿದ್ರ ಸತ್ತೈತಿ ಅನ್ನು. ಮಣ್ಣ ಕೊಡಾಕಾದ್ರೂ ಕೊಡು. ಮುಚ್ಚಿಟ್ಟು ಹಾಲ ಕುಡಿಬ್ಯಾಡ.” ಇಷ್ಟು ದಿನ ‘ರಿ’ ಹಚ್ಚಿ ಮಾತನಾಡುತ್ತಿದ್ದ ಬಾಯಿ ಏಕವಚನಕ್ಕೆ ಇಳಿದಿತ್ತು.

ಸೆವ್ರಿನ್ ಮುಖ ಕೆಂಪಾಯಿತು. “ದೇವರೇ! ನಾನು ಹಾಲು ಕುಡೀತೇನಾ? ಹುಚ್ಚುಂಟಾ ನಿಮಗೆ?”

“ನಿನ್ನೆ ನನ್ನ ಕಣ್ಣಾರೆ ಕಂಡೀನಿ. ಎರಡು ಲೋಟ ಮಾಡಿದಿ. ಇಲ್ಲಂತ ಶಿಲುಬಿ ಮುಟ್ಟಿ ಹೇಳು.”

ಸೆವ್ರಿನ್ ಶಿಲುಬೆ ಮುಟ್ಟಲಿಲ್ಲ. ಅದನ್ನು ಕಂಡು ರಾಚವ್ವನಿಗೆ ಜೀವ ಹೋದಂತಾಯಿತು. ಅಷ್ಟು ಹೊತ್ತೂ ಆಕೆ ಒಳಗೊಳಗೇ ತನ್ನದು ಸುಳ್ಳು ಸಂಶಯವಾಗಲಿ ಎಂದು ಹಾರೈಸುತ್ತಿದ್ದಳು. ಬಾಟಲಿಯನ್ನು ಇನ್ನೂ ಬಿಗಿಯಾಗಿ ಎದೆಗವಚಿಕೊಂಡು ಬಾಗಿಲ ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಒಳಗೆ ಯಾವುದೋ ಕೂಸು ಬೆಕ್ಕಿನ ಮರಿಯಂತೆ ಸಣ್ಣಗೆ ಅಳತೊಡಗಿತು.

“ಏಳಿ,” ಎಂದಳು ಸೆವ್ರಿನ್ ಕೊನೆಗೆ. “ಡಾಕ್ಟರ್ ಕಂಡರೆ ನನ್ನ ಕೆಲಸ ಹೋಗ್ತದೆ. ಕೈ ತೊಳೀರಿ. ಮೊಣಕೈವರೆಗೆ. ಸಾಬೂನು ಹಾಕಿ.”

“ಕೈ ತೊಳಿಯೂದು ನೀ ನನಗ ಕಲಸ್ತೀ?” ಎಂದಳು ರಾಚವ್ವ. ಆದರೆ ತೊಳೆದಳು, ಎರಡು ಸಲ. ಸೆವ್ರಿನ್ ಬಿಳಿಯ ನಿಲುವಂಗಿ ತೊಡಿಸಿ, ಬಾಯಿಗೆ ಅರಿವೆ ಕಟ್ಟಿ, ಒಳಗೆ ಕರೆದೊಯ್ದಳು. ಬಾಟಲಿ ಮಾತ್ರ ರಾಚವ್ವನ ಕಂಕುಳಲ್ಲೇ ಇತ್ತು.

ರಾಚವ್ವ ನೆಟ್ಟಗೆ ಹಸಿರು ಚೀಲದ ತೊಟ್ಟಿಲಿಗೆ ಹೋದಳು. ಸೆವ್ರಿನ್ ಆಕೆಯ ತೋಳು ಹಿಡಿದು ನಿಲ್ಲಿಸಿದಳು.

“ಅಲ್ಲಿಗೆ ಯಾಕೆ? ನಿಮ್ಮದು ಇಲ್ಲಿ.”

ಬಾಗಿಲ ಬಳಿಯ ತೊಟ್ಟಿಲಿನ ಮುಂದೆ ನಿಂತು ಅವಳು ಹೊದಿಕೆ ಸರಿಸಿದಳು. ಬೆರಳುದ್ದದ ಕಾಲಿಗೆ ಪಟ್ಟಿ ಸುತ್ತಿ, ಅದರ ಮೇಲೆ ಏನೋ ಬರೆದಿತ್ತು. ಕುಲಾವಿ ತೆಗೆದಳು. ಸುಳಿ ಒಂದೇ, ಎಡಕ್ಕೆ. ಹೆಗಲ ಮೇಲೆ ಅಲ್ಲೊಂದು ಇಲ್ಲೊಂದು ನವಿರು ಇನ್ನೂ ಉಳಿದಿತ್ತು. ಹುಟ್ಟಿದ ದಿನದ ಕೆಂಪು ಹೋಗಿ ಮೈಗೆ ಗೋಧಿಯ ಬಣ್ಣ ಬಂದಿತ್ತು. ಹೊದಿಕೆ ಸರಿದ ತಂಪಿಗೆ ಕೂಸು ಮುಖ ಕಿವುಚಿ ಮುಷ್ಟಿ ಎತ್ತಿತು.

ರಾಚವ್ವ ಬೆರಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅಂಗೈಯನ್ನು ಕೂಸಿನ ಎದೆಯ ಮೇಲೆ, ಮುಟ್ಟಿಯೂ ಮುಟ್ಟದಂತೆ ಇಟ್ಟು, ಉಸಿರು ಏರಿ ಇಳಿಯುವುದನ್ನು ನೋಡಿದಳು.

“ಲಿಂಗ ಅಲ್ಲಿ ಯಾಕೈತಿ?” ಎಂದಳು ಕೊನೆಗೆ.

“ಆರನೇ ದಿನ ಕೋಣೆ ಫಿನಾಯಿಲ್ ಹಾಕಿ ತೊಳೆದದ್ದು. ಎಲ್ಲಾ ತೊಟ್ಟಿಲು ಹೊರಗೆ ಹಾಕಿ, ಮತ್ತೆ ಒಳಗೆ ತಂದದ್ದು. ಯಾವ ತೊಟ್ಟಿಲಿಗೆ ಯಾವ ಮಗು ಅಂತ ನಾವು ನೋಡುದಿಲ್ಲ ಅಜ್ಜಿ, ಕಾಲಿನ ನಂಬರ್ ನೋಡುದು. ನೀವು ತೊಟ್ಟಿಲು ನೋಡಿದ್ರಿ.”

“ಹಂಗಾದ್ರ ಹತ್ತ ಹನ್ನೆರಡ ದಿನ ನಾ ಯಾರ ಕೂಸಿಗೆ ದೃಷ್ಟಿ ತಗದೀನಿ?”

ಸೆವ್ರಿನ್ ಹಸಿರು ಚೀಲದ ಕಡೆ ನೋಡಿದಳು. “ಅದು ಒಂಬತ್ತನೇ ನಂಬರ್. ಅದರ ತಾಯಿ ಮೂರನೇ ದಿನ ತೀರಿಕೊಂಡಳು. ಅಪ್ಪ ಕಾಂದಿವಲಿಯಲ್ಲಿ ಕಲ್ಲಿನ ಗಣಿಯವ, ಭಾನುವಾರ ಬರ್ತಾನೆ. ಡಬ್ಬಿಯ ಹಾಲು ಅದಕ್ಕೆ ದಕ್ಕುದಿಲ್ಲ, ಕಕ್ತದೆ. ನಿಮ್ಮದು ಕುಡಿದು ಮಿಕ್ಕಿದ್ದನ್ನು ಸಂಜೆ ಚೆಲ್ಲಬೇಕಿತ್ತು. ನಾನು ಚೆಲ್ಲಲಿಲ್ಲ.”

“ಕೇಳಲಿಲ್ಲ ಯಾಕ?”

“ಕೇಳಿದ್ರೆ ನೀವು ಕೊಡ್ತಿದ್ರಾ?”

“ಯಾರ ಪೈಕಿ ಅದು?” ಎಂದು ರಾಚವ್ವ ಕೇಳಿದಳು.

“ಒಂಬತ್ತನೇ ನಂಬರ್ ಪೈಕಿ,” ಎಂದಳು ಸೆವ್ರಿನ್.

ಅಳುತ್ತಿದ್ದದ್ದು ಆ ಕೂಸೇ. ರಾಚವ್ವ ಹತ್ತಿರ ಹೋಗಿ ಚೀಲದ ಗಂಟು ಬಿಚ್ಚಿ ಲಿಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೂಸು ಮನೆಗೆ ಬಂದ ಮೇಲೆ ಅಯ್ಯನವರ ಕೈಯಿಂದಲೇ ಕಟ್ಟಿಸಿದರಾಯಿತು. ಎರಡು ಸುಳಿಯ ಆ ತಲೆಯನ್ನು ಬಗ್ಗಿ ನೋಡಿ, ಮುಖ ತಿರುಗಿಸಿ, ಕಂಕುಳಿನಿಂದ ಬಾಟಲಿ ತೆಗೆದಳು.

“ನನ್ನ ಮುಂದ ಅಳತಿ ಮಾಡು,” ಎಂದಳು. “ಮೊದಲ ನಮ್ಮಕಿಗೆ ಹೊಟ್ಟಿ ತುಂಬ. ಉಳದದ್ದು ಆಮ್ಯಾಲ ನೋಡೂಣು.”

ಅಂದು ಎಷ್ಟು ಉಳಿಯಿತು, ಎಲ್ಲಿಗೆ ಹೋಯಿತು ಎಂದು ಆಕೆ ನನಗೆ ಹೇಳಿದ್ದಿಲ್ಲ. ಮನೆಗೆ ಬಂದವಳು ಸೊಸೆಯ ಮುಂದೆ ಕುಳಿತು, ಆದದ್ದೆಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದಳು. ಸೂಲಗಿತ್ತಿ ತಪ್ಪು ತೊಟ್ಟಿಲು ನೋಡಿದ್ದು ಮಾತ್ರ ಅದರಲ್ಲಿ ಬಹಳ ಚಿಕ್ಕದಾಗಿ ಬಂತು. ನರ್ಸಿನ ಕಳ್ಳತನ ದೊಡ್ಡದಾಗಿ ಬಂತು. ಅಂಬವ್ವ ಗೋಡೆಗೊರಗಿ ಕೇಳಿದಳು. ಹಲಗೆಯ ಈಚೆ ನಾವೂ ಕೇಳಿದೆವು.

“ನಾಳೆಯಿಂದ ಬಾಟಲಿ ಅರ್ಧ ತಗೊಂಡ ಹೋಗ್ತೀನಿ,” ಎಂದಳು ರಾಚವ್ವ. “ನಮ್ಮಕಿಗೆ ಬೇಕಾದಷ್ಟು. ಹೆಚ್ಚಿದ್ರ ತಾನs ಅಕಿ ಹಂಚೂದು?”

ಅಂಬವ್ವ ಮೂರು ವರ್ಷದಲ್ಲಿ ಅತ್ತೆಗೆ ಎದುರಾಡಿದವಳಲ್ಲ.

“ಹಾಲು ನಂದ್ರಿ ಅತ್ತಿ,” ಎಂದಳು.

“ಅಂದ್ರ?”

“ಇನ್ನೊಂದ ಬಾಟಲಿ ಇಸಗೊಂಡ ಬರ್ರಿ ಅಂದೆ. ಎರಡು ಬ್ಯಾರೆ ಬ್ಯಾರೆ ಹಿಂಡ್ತೀನಿ. ಒಂದರಾಗ ಹಂಚಿದ್ರ ನಮ್ಮಕಿಗೂ ಕಡಿಮಿ ಬೀಳ್ತೈತಿ.”

ರಾಚವ್ವ ಸೊಸೆಯನ್ನು ದಿಟ್ಟಿಸಿ ನೋಡಿದಳು. ಇವಳ ಮನಸ್ಸಿನಲ್ಲಿ ಬೇರೆ ಏನಿದೆ ಎಂದು ಹುಡುಕುವ ನೋಟ ಅದು. ಏನೂ ಸಿಗಲಿಲ್ಲವೆಂದು ಕಾಣುತ್ತದೆ. ಎದ್ದು ಹೋಗಿ ಅಳವಿ ಪಾಯಸಕ್ಕೆ ಇನ್ನೊಂದು ಹಿಡಿ ಬೆಲ್ಲ ಹಾಕಿದಳು.

ಆ ಮೇಲೆ ಎರಡು ವಾರಕ್ಕೂ ಹೆಚ್ಚು ಆಕೆ ಎರಡು ಬಾಟಲಿ ಹೊತ್ತಳು. ಅಕ್ಷರ ಬಾರದವಳು ಎರಡು ಅಂಕಿ ಕಲಿತದ್ದು ಆಗ. ಸೆವ್ರಿನ್ ಕಾಗದದಲ್ಲಿ ಏಳು, ಒಂಬತ್ತು ಬರೆದುಕೊಟ್ಟಿದ್ದಳು. “ಇದು ಕುಡಗೋಲು, ಇದು ಸೌಟು” ಎಂದು ರಾಚವ್ವ ಗುರುತು ಇಟ್ಟುಕೊಂಡಳು. ಆದರೆ ಸಂಶಯ ಹೋಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅದಕ್ಕೆ ಕೆಲಸ ಹೆಚ್ಚಾಯಿತು, ಅಷ್ಟೇ. ಕಿಟಕಿಯ ಹೊರಗೆ ನಿಂತು ಈಗ ಎರಡು ತೊಟ್ಟಿಲುಗಳನ್ನು ಕಾಯಬೇಕಿತ್ತು. “ಸೌಟಿಗೆ ಇವತ್ತ ಎರಡ ಚಮಚಾ ಕಡಿಮಿ ಹಾಕಿದಿ. ತಾಯಿಲ್ಲದ ಕೂಸಂತ ಕಡಿಮಿ ಮಾಡ್ತಿ ಏನು?” ಎಂದು ಸೆವ್ರಿನ್ ಮೇಲೆ ಏರಿಹೋದದ್ದೂ ಉಂಟು.

“ಅಜ್ಜಿ, ನಿಮ್ಮನ್ನು ಪೊಲೀಸ್‌ಗೆ ಸೇರಿಸಬೇಕಿತ್ತು ಮಾರಾಯ್ರೇ,” ಎಂದು ಅವಳು ಕೈ ಮುಗಿಯುವಳು.

ಒಂಬತ್ತನೆಯ ನಂಬರಿನ ಅಪ್ಪ ಒಂದು ಭಾನುವಾರ ಕೂಸನ್ನು ಒಯ್ಯಲು ಬಂದ. ಶೆಟ್ಟೆಪ್ಪ ಎಂದು ಹೆಸರು. ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ, ಜೊತೆಗೆ ಅವನ ಅಕ್ಕ, ಅವಳ ಕಂಕುಳಲ್ಲೂ ಮೊಲೆ ಕುಡಿಯುವ ಕೂಸು. ಇವರ ಮಾತು ವಿಜಾಪುರದ ಕಡೆಯದೆಂದು ರಾಚವ್ವನ ಕಿವಿಗೆ ತಟ್ಟನೆ ತಿಳಿಯಿತು. ತಿಳಿದದ್ದೇ ತಡ, ಅಡ್ಡ ನಿಂತಳು.

“ಯಾವೂರಪ್ಪಾ ನಿಂದು?”

“ಬಾಗೇವಾಡಿ ಕಡೀರಿ ಯವ್ವಾ.”

“ಇದು ನಿನ್ನ ಕೂಸಂತ ಏನ ಗುರುತು?”

ಅವನು ಕಕ್ಕಾಬಿಕ್ಕಿಯಾಗಿ ನಿಂತ. “ಗುರುತು... ಅಕಿ ಅವ್ವನ ಹಂಗ ತಲ್ಯಾಗ ಎರಡ ಸುಳಿ ಅದಾವ್ರಿ.”

“ಹೌದು,” ಎಂದಳು ರಾಚವ್ವ. ಆದರೂ ಬಿಡಲಿಲ್ಲ. “ನರ್ಸಬಾಯಿ, ಕಾಲಿನ ನಂಬರ ತೋರಸ್ರಿ ಅವಂಗ.” ಸೌಟಿನ ಗುರುತನ್ನು ತಾನೂ ಒಮ್ಮೆ ನೋಡಿದ ಮೇಲೆಯೇ ದಾರಿ ಬಿಟ್ಟಳು. ಹಾಲು ಯಾರದೆಂದು ಅವನಿಗೆ ಸೆವ್ರಿನ್ ಹೇಳಲು ಹೊರಟಾಗ ಕಣ್ಣಿನಲ್ಲೇ ತಡೆದಳು. ಹೇಳಿದರೆ ಅವನು ಕಾಲಿಗೆ ಬೀಳುತ್ತಾನೆ, ಕಾಲಿಗೆ ಬೀಳುವವರನ್ನು ಕಂಡರೆ ಆಕೆಗೆ ಮೊದಲೇ ಅನುಮಾನ.

ಐದು ದಿನದ ನಂತರ ನಮ್ಮ ಚಾಳಿಗೂ ಕೂಸು ಬಂತು. ನೀಲಕಂಠಪ್ಪ ಟ್ಯಾಕ್ಸಿ ಮಾಡಿದ್ದ. ಇಡೀ ದಾರಿ ರಾಚವ್ವ ಕೂಸನ್ನು ಮಗನ ಕೈಗೆ ಕೊಡಲಿಲ್ಲವಂತೆ. ಚಾಳಿನ ಹೆಂಗಸರೆಲ್ಲ ಕಟಾಂಜನದ ಹತ್ತಿರ ಸಾಲಾಗಿ ನಿಂತಿದ್ದರು. ಆಕೆ ಯಾರಿಗೂ ಮುಖ ತೋರಿಸದೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು. ಗೋಣಿ ಇಳಿಬಿಟ್ಟ ಕಿಟಕಿಯ ಕತ್ತಲಲ್ಲಿ ಅಂಬವ್ವ ಎದ್ದು ಕುಳಿತಿದ್ದಳು. ಹೆತ್ತ ಮೇಲೆ ನಲವತ್ತು ದಿನಕ್ಕೆ ಕೂಸು ಆಕೆಯ ಮಡಿಲಿಗೆ ಬರುತ್ತಿತ್ತು.

ಅಂಬವ್ವ ಕೂಸಿನ ಮುಖ ನೋಡಿದಳು. ಕುಲಾವಿ ಸರಿಸಿ ತಲೆ ನೋಡಿದಳು. ಕೈ ಬಿಡಿಸಿ ನೋಡಿದಳು. ಹಲಗೆಯ ಈಚೆ ನಾವು ನಗುವೋ ಅಳುವೋ ಕೇಳಿಬರುತ್ತದೆಂದು ಕಾದೆವು. ಬಹಳ ಹೊತ್ತಿನ ಮೇಲೆ ಅವಳ ದನಿ ಸಣ್ಣಗೆ ಬಂತು.

“ಅತ್ತಿ, ಇದು ನಮ್ದs ಹೌದಲ್ರಿ?”

ರಾಚವ್ವ ಸಿಡಿದಳು.

“ಏನಂದಿ? ಮೂವತ್ತ ವರ್ಷ ಊರ ಕೂಸ ಎತ್ತೀನಿ. ತಿಂಗಳಗಟ್ಲೆ ರೈಲಿನಾಗ ನಿಂತು ನಿಂತು ಕಾಲ ಬಾತಾವ. ನನ್ನ ಮ್ಯಾಲ ನಿನಗ ಸಂಶೇನ?”

“ನಿಮ್ಮ ಮ್ಯಾಲ ಅಲ್ರಿ...”

“ಮತ್ಯಾರ ಮ್ಯಾಲ? ಈ ಮನ್ಯಾಗ ನಂಬಿಕಿ ಅನ್ನೂದs ಇಲ್ಲ!”

ನೀಲಕಂಠಪ್ಪ ನಗು ತಡೆಯಲಾರದೆ ಹೊರಗೆ ಬಂದು ಕಟಾಂಜನ ಹಿಡಿದುಕೊಂಡ. ಒಳಗೆ ಮುದುಕಿಯ ಬೈಗುಳ ಇನ್ನೂ ನಡೆದೇ ಇತ್ತು. ನಡುವೆ ಒಮ್ಮೆ ನಿಂತು, “ಹಂಗಲ್ಲ, ತಲಿ ಎತ್ತಿ ಹಿಡಿ. ಹಾಂ. ಇನ್ನೊಂಚೂರು” ಎಂದಿತು. ಆಮೇಲೆ ಕೂಸು ಮೊಲೆ ಹಿಡಿದು ಚೀಪುವ ಸದ್ದು ಗೋಡೆಯ ಈಚೆಯವರೆಗೂ ಕೇಳಿಸಿತು. ನಳಿಗೆಯಲ್ಲಿ ಕುಡಿದು ಬೆಳೆದ ಕೂಸು ಅಷ್ಟು ಗಟ್ಟಿಯಾಗಿ ಚೀಪುತ್ತದೆಂದು ಯಾರೂ ಎಣಿಸಿರಲಿಲ್ಲ.